ಸೇನೆಯಿಲ್ಲದ ಮಹಾದಂಡನಾಯಕ
ನಿಮ್ಮ ಕಲ್ಪಿತ ರಾಜ್ಯದ ‘ಮಹಾದಂಡನಾಯಕ’ನಿಗೆ ಸೇನೆಯ ಮೇಲೆ ಅಧಿಕಾರವೇ ಇಲ್ಲದಿದ್ದರೆ ಓದುಗರು ನಂಬುವರೇ ಎಂದು ಕೇಳಿದ್ದೀರಿ. ಖಂಡಿತ ನಂಬುತ್ತಾರೆ, ಆದರೆ ಆ ಅಧಿಕಾರ ಹೇಗೆ ಕೈತಪ್ಪಿತೆಂಬುದು ಕಥೆಯಲ್ಲಿ ಬರಬೇಕು. ಇಂಗ್ಲೆಂಡಿನಲ್ಲಿ ಒಮ್ಮೆ ರಾಜನ ಸೇನೆಯ ಹೊಣೆ ಹೊತ್ತಿದ್ದ ಲಾರ್ಡ್ ಹೈ ಕಾನ್‌ಸ್ಟೇಬಲ್ ಪದವಿಯನ್ನು, ಅದರ ವಂಶಪಾರಂಪರ್ಯ ಹಕ್ಕುದಾರನಾಗಿದ್ದ ಬಕಿಂಗ್‌ಹ್ಯಾಮ್‌ನ ಡ್ಯೂಕ್‌ಗೆ 1521ರಲ್ಲಿ ಎಂಟನೆಯ ಹೆನ್ರಿ ರಾಜದ್ರೋಹದ ಆರೋಪದ ಮೇಲೆ ಶಿರಚ್ಛೇದ ಮಾಡಿಸಿದ ನಂತರ, ಪಟ್ಟಾಭಿಷೇಕದ ಸಂದರ್ಭಕ್ಕೆ ಮಾತ್ರ ಕೊಡುತ್ತ ಬಂದಿದ್ದಾರೆ. 2023ರಲ್ಲಿ ಮೂರನೆಯ ಚಾರ್ಲ್ಸ್‌ನ ಪಟ್ಟಾಭಿಷೇಕದಲ್ಲಿ ಅಡ್ಮಿರಲ್ ಟೋನಿ ರಾಡಕಿನ್ ಆ ಪದವಿಯಲ್ಲಿದ್ದರು. ಕಥೆಗಾರರಿಗೆ ಇದಕ್ಕಿಂತ ಒಳ್ಳೆಯ ಬೀಜ ಸಿಗುವುದು ಕಷ್ಟವೆಂದು ನನ್ನ ಭಾವನೆ: ಸಾಮಂತನ ಬಲಕ್ಕೆ ಹೆದರಿದ ರಾಜನು ಬಿರುದನ್ನು ಅಳಿಸದೆ, ಅದರ ಹಿಂದಿದ್ದ ದಂಡನ್ನು ಮಾತ್ರ ತನ್ನ ವಶಕ್ಕೆ ತೆಗೆದುಕೊಂಡನೆಂದು ನೀವು ಬರೆಯಬಹುದು.