ಹಳೆಯ ತಂಪು ಪಾನೀಯದ ಬಾಟಲಿ, ಕ್ಯಾನುಗಳನ್ನು ವಸ್ತುಸಂಗ್ರಹಾಲಯದವರು ಹೇಗೆ ಕಾಪಾಡುತ್ತಾರೆ?

ಮುಂಬೈಯ ಮಾಟುಂಗದ ತಮ್ಮ ಹೋಟೆಲಿನ ಅಟ್ಟದಲ್ಲಿ ಸಿಕ್ಕಿದ ಗೋಲಿ ಸೋಡಾ ಬಾಟಲಿಯನ್ನೂ ತೆರೆಯದ ಎರಡು ಕ್ಯಾನುಗಳನ್ನೂ ಹೇಗೆ ಇಡಬೇಕೆಂದು ಕೇಳಿದ್ದೀರಿ.

ಪ್ರದರ್ಶನದಲ್ಲಿ ತುಂಬಿದಂತೆ ಕಾಣುವ ಕ್ಯಾನುಗಳು ಎಷ್ಟೋ ಸಲ ಖಾಲಿಯಾಗಿರುತ್ತವೆ. ಒಳಲೇಪನದಲ್ಲಿ ಸೂಜಿಮೊನೆಯಷ್ಟು ದೋಷವಿದ್ದರೂ ಪಾನೀಯದ ಫಾಸ್ಫಾರಿಕ್ ಅಥವಾ ಸಿಟ್ರಿಕ್ ಆಮ್ಲವು ಅಲ್ಯೂಮಿನಿಯಮ್ಮನ್ನು ನಿಧಾನವಾಗಿ ಕೊರೆಯುತ್ತದೆ. ಒಂದು ಕ್ಯಾನ್ ಸೋರಿದರೆ ಸಕ್ಕರೆಯ ಅಂಟು ಪಕ್ಕದ ಕಾಗದದ ಲೇಬಲುಗಳಿಗೂ ಹರಡಿ ಇರುವೆಗಳನ್ನು ಕರೆತರುತ್ತದೆ. ಆದ್ದರಿಂದ ಸಂಗ್ರಹಾಲಯಗಳಲ್ಲಿ ತಳಕ್ಕೆ ಸಣ್ಣ ರಂಧ್ರ ಕೊರೆದು, ಪಾನೀಯ ಬಸಿದು, ಒಳಭಾಗವನ್ನು ತೊಳೆದು ಒಣಗಿಸಿ, ಮೇಲಿನ ಮುಚ್ಚಳವನ್ನು ಮುಟ್ಟದೆ ಇಡುವ ರೂಢಿಯಿದೆ.

ಗೋಲಿ ಸೋಡಾ ಬಾಟಲಿಯ ಕಥೆ ಬೇರೆ. ಇಂಗ್ಲೆಂಡಿನ ಹೈರಮ್ ಕಾಡ್ 1870ರ ದಶಕದ ಆರಂಭದಲ್ಲಿ ರೂಪಿಸಿದ ಈ ಬಾಟಲಿಯನ್ನು ತಲೆಕೆಳಗಾಗಿ ತುಂಬಿಸುತ್ತಿದ್ದರು. ಅನಿಲದ ಒತ್ತಡವೇ ಗೋಲಿಯನ್ನು ಕತ್ತಿನ ರಬ್ಬರ್ ಉಂಗುರಕ್ಕೆ ಒತ್ತಿ ಹಿಡಿಯುತ್ತಿತ್ತು. ಆ ಉಂಗುರ ಈಗ ಕಲ್ಲಿನಂತೆ ಗಟ್ಟಿಯಾಗಿರಬಹುದು, ದಯವಿಟ್ಟು ಕೀಳಬೇಡಿ. ಗೋಲಿ ಅಡ್ಡ ಬರುವುದರಿಂದ ಬ್ರಷ್ ಒಳಗಿಳಿಯದು. ಬಟ್ಟಿ ಇಳಿಸಿದ ನೀರನ್ನು ತುಂಬಿ ನೆನೆಸಿ ಚೆಲ್ಲುವುದೇ ಸುರಕ್ಷಿತ. ಗಾಜಿನ ಮೇಲಿನ ಉಬ್ಬಕ್ಷರಗಳನ್ನು ಓರೆಬೆಳಕಿನಲ್ಲಿ ಓದಿ: ಸೋಡಾ ಕಂಪನಿಗಳಾದ ಬಾಂಬೆಯ ಡ್ಯೂಕ್ಸ್ 1889ರಷ್ಟು, ಪುಣೆಯ ಅರ್ದೇಶೀರ್ 1884ರಷ್ಟು ಹಳೆಯವು, ಹಾಗಾಗಿ ತಯಾರಕರ ಹೆಸರು ಸಿಕ್ಕರೆ ಕಾಲ ಊಹಿಸುವುದು ಸುಲಭ.

ಮುಂಬೈಯಲ್ಲಿ ನಿಜವಾದ ಶತ್ರು ಮಳೆಗಾಲದ ತೇವ. ಬಿಸಿಲು ಬೀಳದ ಒಣ ಕಪಾಟಿನಲ್ಲಿ ನೆಟ್ಟಗೆ ನಿಲ್ಲಿಸಿಡಿ.