ಹೆಂಡತಿಯ 30ನೇ ಹುಟ್ಟುಹಬ್ಬಕ್ಕೆ ಶಿವಮೊಗ್ಗದಲ್ಲಿ ಎಲ್ಲಿಗೆ ಊಟಕ್ಕೆ ಕರೆದುಕೊಂಡು ಹೋಗಲಿ?

ನೀವು ಬರೆದದ್ದನ್ನು ಎರಡು ಸಲ ಓದಿದೆ. ವಿಜಯಪುರದಿಂದ ಕೆಲಸದ ಮೇಲೆ ಶಿವಮೊಗ್ಗಕ್ಕೆ ಬಂದು ಒಂದು ವರ್ಷ. ವಿನೋಬನಗರದಲ್ಲಿ ಮನೆ. ಜುಲೈ ಮೂರನೇ ವಾರ ಹೆಂಡತಿಗೆ 30 ತುಂಬುತ್ತದೆ. ಈ ಊರಿನಲ್ಲಿ ರೊಮ್ಯಾಂಟಿಕ್ ಆದ ರೆಸ್ಟೋರೆಂಟ್ ಯಾವುದು, ಕ್ಯಾಂಡಲ್ ಲೈಟ್ ಡಿನ್ನರ್ ಎಲ್ಲಿ ಸಿಗುತ್ತದೆ ಎಂದು ಕೇಳಿದ್ದೀರಿ. ನಾನು ಹುಟ್ಟಿ ಬೆಳೆದದ್ದೇ ಶಿವಮೊಗ್ಗದಲ್ಲಿ. ಮದುವೆಯಾಗಿ ಹತ್ತೊಂಬತ್ತು ವರ್ಷ. ಈ ವಿಷಯದಲ್ಲಿ ಒಂದು ಸಲ ದೊಡ್ಡ ತಪ್ಪು ಮಾಡಿದ್ದೇನೆ. ಮೊದಲು ಅದನ್ನೇ ಹೇಳುತ್ತೇನೆ.

ನನ್ನ ಹೆಂಡತಿಯ 40ನೇ ಹುಟ್ಟುಹಬ್ಬಕ್ಕೆ ಊರಿನ ಒಂದು ಹೋಟೆಲ್‌ನಲ್ಲಿ ಪ್ಯಾಕೇಜ್ ಬುಕ್ ಮಾಡಿದ್ದೆ. ಫೋಟೋದಲ್ಲಿ ನೋಡಿ ಮನಸ್ಸು ಕೊಟ್ಟುಬಿಟ್ಟಿದ್ದೆ. ಕೆಂಪು ಬಲೂನಿನ ಕಮಾನು, ಮೇಜಿನ ಮೇಲೆ ಗುಲಾಬಿ ಎಸಳು, ಅವಳ ಹೆಸರಿನ ದೀಪ. ಹೋಗಿ ನೋಡಿದರೆ ಎಲ್ಲವೂ ಇತ್ತು. ಆದರೆ ನಮ್ಮ ಟೇಬಲ್ ಪಾರ್ಟಿ ಹಾಲ್‌ನ ಬಾಗಿಲಿಗೆ ಅಂಟಿಕೊಂಡಿತ್ತು. ಒಳಗೆ ರಿಸೆಪ್ಷನ್ ನಡೆಯುತ್ತಿತ್ತು. ಬಾಗಿಲು ತೆಗೆದಾಗಲೆಲ್ಲ ಡಿಜೆ ಶಬ್ದ ಎದೆಗೆ ಗುದ್ದುತ್ತಿತ್ತು. ಊಟ ಮೊದಲೇ ಗೊತ್ತು ಮಾಡಿದ್ದ ಮೆನು, ಮೂರರಲ್ಲಿ ಎರಡು ಪನೀರ್. ಅವಳು ಪನೀರ್ ಮುಟ್ಟುವುದಿಲ್ಲ. ಅದು ನನಗೆ ಗೊತ್ತಿತ್ತು, ಆದರೂ ಬುಕ್ ಮಾಡುವಾಗ ಮೆನು ಕೇಳಲೇ ಇಲ್ಲ. ಕೇಕ್ ಬಂದಾಗ ಐದಾರು ಹುಡುಗರು ಸುತ್ತ ನಿಂತು ಚಪ್ಪಾಳೆ ತಟ್ಟಿ ಹಾಡಿದರು. ಹಾಲ್ ಕಡೆಗೆ ಹೋಗುತ್ತಿದ್ದವರೂ ನಿಂತು ನೋಡಿದರು. ಅವಳು ತಲೆ ತಗ್ಗಿಸಿ ಕೇಕ್ ಕತ್ತರಿಸಿದಳು. ಎರಡು ಗಂಟೆಯಲ್ಲಿ ನಾವು ಆಡಿದ ಮಾತು ಹತ್ತು ಇರಬಹುದು. ಕಾರಿನಲ್ಲಿ ‘ಚೆನ್ನಾಗಿತ್ತು’ ಎಂದಳು. ಮನೆಗೆ ಬಂದು ಮೊಸರನ್ನ ಕಲಸಿಕೊಂಡು ತಿಂದಳು.

ಎರಡು ವರ್ಷ ಬಿಟ್ಟು, ಹುಟ್ಟುಹಬ್ಬವೂ ಅಲ್ಲದ ಒಂದು ಜುಲೈ ಸಂಜೆ ಗಾಂಧಿ ಬಜಾರ್‌ಗೆ ಹೋಗಿದ್ದೆವು. ಮಳೆ ಸ್ವಲ್ಪ ಬಿಟ್ಟಿತ್ತು. ಇಲ್ಲಿ ಕೋರ್ಪಲಯ್ಯನ ಛತ್ರದ ಹತ್ತಿರ ತುಂಗಾ ಹೊಳೆಯಲ್ಲಿ ಒಂದು ಕಲ್ಲಿನ ಮಂಟಪ ಇದೆ. ನೀವು ನೋಡಿರಬಹುದು. ಮಳೆಗಾಲದಲ್ಲಿ ಶಿವಮೊಗ್ಗದವರಿಗೆ ಹೊಳೆಯ ಅಳತೆಗೋಲು ಅದೇ. ಗಾಜನೂರು ಡ್ಯಾಂನ ಗೇಟ್ ತೆಗೆದರು ಎಂದ ಕೂಡಲೇ ‘ಮಂಟಪ ಮುಳುಗಿತಾ?’ ಎಂಬ ಮಾತು ಶುರು. ಮುಳುಗಿದರೆ ಜನ ಹೋಗಿ ನೋಡುತ್ತಾರೆ, ಬಾಗಿನ ಬಿಡುತ್ತಾರೆ. ಅವತ್ತು ನಾವೂ ಹೋದೆವು. ಮಂಟಪ ಕಾಣಲಿಲ್ಲ, ಆ ಜಾಗದಲ್ಲಿ ಕೆಂಪು ನೀರು ಸುತ್ತುತ್ತಿತ್ತು. ಆಮೇಲೆ ಹಸಿವಾಯಿತು ಎಂದು ಹತ್ತಿರದ ಒಂದು ಸಾಧಾರಣ ಹೋಟೆಲ್‌ನ ಮಹಡಿಗೆ ಹತ್ತಿದೆವು. ಕಿಟಕಿ ಪಕ್ಕದ ಟೇಬಲ್. ನಮ್ಮನ್ನು ಬಿಟ್ಟರೆ ಮತ್ತೊಂದೇ ಸಂಸಾರ ಇತ್ತು. ತುಪ್ಪದನ್ನ, ಕುರ್ಮಾ, ಬಿಸಿ ಬಿಸಿ ಸೂಪ್. ಅವಳು ಇದ್ದಕ್ಕಿದ್ದಂತೆ ಅವಳ ಅಪ್ಪನ ಬಗ್ಗೆ ಹೇಳತೊಡಗಿದಳು. ಚಿಕ್ಕವಳಿದ್ದಾಗ ಪ್ರತಿ ಮಳೆಗಾಲ ಅಪ್ಪ ಹೆಗಲ ಮೇಲೆ ಕೂರಿಸಿಕೊಂಡು ಆ ಮಂಟಪ ತೋರಿಸಲು ಕರೆದುಕೊಂಡು ಬರುತ್ತಿದ್ದರಂತೆ. ಒಂದು ಸಲ ಅವಳ ಒಂದು ಚಪ್ಪಲಿ ಹೊಳೆಗೆ ಬಿತ್ತಂತೆ. ಅಪ್ಪ ಬೈಯಲಿಲ್ಲ, ಇನ್ನೊಂದನ್ನೂ ಬಿಚ್ಚಿ ಎಸೆದು ‘ಜೋಡಿ ಇರಲಿ, ಸಿಕ್ಕವರಿಗೆ ಉಪಯೋಗಕ್ಕೆ ಬರುತ್ತೆ’ ಎಂದರಂತೆ. ಮಾವ ತೀರಿಕೊಂಡು ಆಗ ಎಂಟು ವರ್ಷ. ಈ ಕತೆ ನಾನು ಅದುವರೆಗೆ ಕೇಳಿರಲಿಲ್ಲ. ಹೋಟೆಲ್‌ನವರು ಕುರ್ಚಿ ಎತ್ತಿಡುವವರೆಗೆ ಕೂತಿದ್ದೆವು.

ಆದ್ದರಿಂದ ನಿಮಗೆ ನಾನು ಹೇಳುವುದು ಒಂದೇ. ನಿಮ್ಮ ಹೆಂಡತಿಗೆ ಮಾತಾಡಬೇಕು ಅನ್ನಿಸುವ ಟೇಬಲ್ ಹುಡುಕಿ. ಅಲಂಕಾರ ಆಮೇಲೆ.

ಅದಕ್ಕೆ ದಾರಿ ಸುಲಭ. ಒಂದು ವಾರ ಮೊದಲು, ನೀವು ಹೋಗಬೇಕು ಎಂದುಕೊಂಡ ಹೊತ್ತಿಗೇ ಒಬ್ಬರೇ ಅಲ್ಲಿಗೆ ಹೋಗಿ. ಒಂದು ಕಾಫಿ ಕುಡಿದು ಬನ್ನಿ. ಮಧ್ಯಾಹ್ನ ಹೋಗಿ ನೋಡಿದರೆ ಏನೂ ಗೊತ್ತಾಗುವುದಿಲ್ಲ. ಸಂಜೆ ಎಂಟಕ್ಕೆ ಆ ಜಾಗ ಬೇರೆಯೇ ಇರುತ್ತದೆ. ಟೀವಿ ಹಾಕಿರುತ್ತಾರಾ? ಅಡುಗೆಮನೆಯ ಬಾಗಿಲು ಎಲ್ಲಿದೆ? ಬಾರ್ ಮತ್ತು ಫ್ಯಾಮಿಲಿ ಸೆಕ್ಷನ್ ಒಂದೇ ಕಡೆಯಾ? ಇನ್ನೊಂದು ಮುಖ್ಯವಾದದ್ದು, ಜನರೇಟರ್ ಎಲ್ಲಿದೆ ನೋಡಿ. ಇದು ಹೊರಗಿನಿಂದ ಬಂದವರಿಗೆ ಹೊಳೆಯುವುದಿಲ್ಲ. ಜುಲೈನಲ್ಲಿ ಗಾಳಿ ಮಳೆಗೆ ಎಲ್ಲೋ ಒಂದು ಮರ ತಂತಿಯ ಮೇಲೆ ಬಿದ್ದರೆ ಕರೆಂಟ್ ಹೋಗುತ್ತದೆ. ನಿಮ್ಮ ಕಿಟಕಿಯ ಕೆಳಗೇ ಜನರೇಟರ್ ಇದ್ದರೆ ಅವತ್ತಿನ ಮಾತು ಅಲ್ಲಿಗೇ ಮುಗಿಯಿತು. ಒಂದು ಟೇಬಲ್ ಇಷ್ಟವಾದರೆ ಮ್ಯಾನೇಜರ್‌ಗೆ ‘ಈ ಟೇಬಲ್ಲೇ ಬೇಕು’ ಎಂದು ಬೆರಳಿಟ್ಟು ತೋರಿಸಿ ಹೇಳಿ. ಫೋನಿನಲ್ಲಿ ‘ಒಳ್ಳೆ ಟೇಬಲ್ ಕೊಡಿ’ ಎಂದರೆ ಅವರಿಗೆ ಒಳ್ಳೆಯದು ಅನ್ನಿಸಿದ್ದನ್ನು ಕೊಡುತ್ತಾರೆ.

ಜುಲೈ ಎಂದು ಹೆದರಬೇಡಿ. ನಿಮಗೆ ಒಂದು ಅನುಕೂಲ ಇದೆ. ಜುಲೈ ಎಂದರೆ ಬಹುತೇಕ ಆಷಾಢ. ಆಷಾಢದಲ್ಲಿ ನಮ್ಮ ಕಡೆ ಮದುವೆ ಇಟ್ಟುಕೊಳ್ಳುವುದಿಲ್ಲ. ಹಾಗಾಗಿ ಹಾಲ್‌ಗಳೆಲ್ಲ ಖಾಲಿ, ಹೋಟೆಲ್‌ಗಳಲ್ಲಿ ಗದ್ದಲ ಕಡಿಮೆ. ನನ್ನ ಹೆಂಡತಿಯ ಹುಟ್ಟುಹಬ್ಬ ಮೇ ತಿಂಗಳಲ್ಲಿ, ಮದುವೆಯ ಸೀಸನ್ನಿನ ನಡುಮಧ್ಯೆ. ನನಗೆ ಆಗಿದ್ದು ನಿಮಗೆ ಆಗುವ ಸಂಭವ ಕಡಿಮೆ. ಆದರೂ ಅವತ್ತು ಹಾಲ್‌ನಲ್ಲಿ ಕಾರ್ಯಕ್ರಮ ಇದೆಯಾ ಎಂದು ಕೇಳಿಯೇ ಕೇಳಿ.

ಜಾಗಗಳ ಹೆಸರು ಕೇಳಿದ್ದೀರಿ. ಊರೊಳಗೆ ದೊಡ್ಡ ಹೋಟೆಲ್ಲಿನ ರೆಸ್ಟೋರೆಂಟೇ ಬೇಕು ಎಂದರೆ ಬಿ.ಎಚ್. ರಸ್ತೆಯ ರಾಯಲ್ ಆರ್ಕಿಡ್ ಸೆಂಟ್ರಲ್ ಇದೆ, ಸಾಗರ ರಸ್ತೆಯ ಕಡೆ ಹರ್ಷ ದಿ ಫರ್ನ್ ಇದೆ. ದುರ್ಗಿಗುಡಿಯಲ್ಲಿ ಜ್ಯೂವೆಲ್ ರಾಕ್ ಹಳೆಯದು, ನಮ್ಮ ಊರಿನ ಎಷ್ಟೋ ಮನೆಗಳ ಸಂಭ್ರಮದ ಊಟ ಅಲ್ಲಿ ಆಗಿದೆ. ವಿನೋಬನಗರದಿಂದ ಇವು ಯಾವುದೂ ದೂರವಲ್ಲ. ಮಳೆಯಲ್ಲಿ ಇದು ಸಣ್ಣ ವಿಷಯವಲ್ಲ. ಅವರು ಒಳ್ಳೆ ಸೀರೆ ಉಟ್ಟಿರುತ್ತಾರೆ ಅಲ್ವಾ? ಬಾಗಿಲವರೆಗೆ ಗಾಡಿ ಹೋಗುವ ಜಾಗ ಆಗಬೇಕು. ನಿಮ್ಮದು ಬೈಕ್ ಆದರೆ ಅವತ್ತಿನ ಮಟ್ಟಿಗೆ ಆಟೋ ಗೊತ್ತು ಮಾಡಿಕೊಳ್ಳಿ, ವಾಪಸ್ ಬರುವುದಕ್ಕೂ ಸೇರಿಸಿ. ರಾತ್ರಿ ಹತ್ತರ ಮೇಲೆ ಮಳೆಯಲ್ಲಿ ಆಟೋ ಹುಡುಕುತ್ತಾ ರಸ್ತೆ ಬದಿ ನಿಂತರೆ ಅಷ್ಟು ಹೊತ್ತಿನ ಖುಷಿ ಕರಗಿಹೋಗುತ್ತದೆ.

ಊಟಕ್ಕೆ ಮೊದಲು ಒಂದು ಗಂಟೆ ಹೊಳೆಗೆ ಕೊಡಿ ಎಂದು ನಾನು ಒತ್ತಿ ಹೇಳುತ್ತೇನೆ. ಜುಲೈನಲ್ಲಿ ಇಲ್ಲಿ ಸೂರ್ಯ ಮುಳುಗುವುದು ಸುಮಾರು ಏಳಕ್ಕೆ. ರಜೆ ಹಾಕಿದ್ದರೆ ನಾಲ್ಕೂವರೆಗೆ ಹೊರಟು ತೀರ್ಥಹಳ್ಳಿ ರಸ್ತೆಯಲ್ಲಿ ಗಾಜನೂರಿಗೆ ಹೋಗಿ, ಅರ್ಧ ಗಂಟೆ ದಾರಿ. ತುಂಗೆಯ ಆ ಡ್ಯಾಂ ಚಿಕ್ಕದು, ಹಾಗಾಗಿ ಮಳೆಗಾಲದಲ್ಲಿ ಬೇಗ ತುಂಬುತ್ತದೆ. ತುಂಬಿದ ಮೇಲೆ ಬಂದ ನೀರನ್ನೆಲ್ಲ ಗೇಟ್ ತೆಗೆದು ಬಿಡಲೇಬೇಕು. ವಿಜಯಪುರದವರು ಆಲಮಟ್ಟಿ ನೋಡಿರುತ್ತೀರಿ, ಗಾತ್ರದಲ್ಲಿ ಇದು ಅದರ ಮುಂದೆ ಏನೂ ಅಲ್ಲ. ಆದರೆ ಸುತ್ತ ಹಸಿರು, ಮೇಲೆ ಮೋಡ, ಕೆಳಗೆ ಕೆಂಪು ನೀರು. ದೂರದಲ್ಲಿ ನಿಂತೇ ನೋಡಿ, ನೀರಿನ ಹತ್ತಿರ ಇಳಿಯಬೇಡಿ. ಅಷ್ಟು ದೂರ ಬೇಡ ಎಂದರೆ ಊರೊಳಗಿನ ಮಂಟಪದ ಹತ್ತಿರ ಹೋಗಿ. ಏನಾದರೂ ನೋಡಿಕೊಂಡು ಬಂದು ಊಟಕ್ಕೆ ಕೂತವರಿಗೆ ಮಾತು ತಾನಾಗಿ ಬರುತ್ತದೆ. ಮನೆಯಿಂದ ನೇರ ಬಂದು ಎದುರು ಬದುರು ಕೂತರೆ ಮೊದಲ ಅರ್ಧ ಗಂಟೆ ಇಬ್ಬರೂ ಮೆನು ಕಾರ್ಡ್ ಓದುತ್ತಿರುತ್ತಾರೆ.

ಸಕ್ರೆಬೈಲಿನ ಆನೆ ಬಿಡಾರ ಅದೇ ದಾರಿಯಲ್ಲಿ ಸಿಗುತ್ತದೆ. ಆದರೆ ಅದು ಬೆಳಿಗ್ಗೆ ನೋಡುವಂಥದ್ದು. ಆಗುಂಬೆಯ ಸೂರ್ಯಾಸ್ತ ಎಂದು ಯಾರಾದರೂ ಹೇಳಿದರೆ ಜುಲೈಗೆ ಅದನ್ನು ಬಿಟ್ಟುಬಿಡಿ. ಮೋಡದಲ್ಲಿ ಎದುರಿನ ಮರವೂ ಕಾಣುವುದಿಲ್ಲ. ನವೆಂಬರ್ ಮೇಲೆ ಹೋಗಿ. ಜೋಗಕ್ಕೆ ಹೋಗಿ ರಾತ್ರಿ ಊಟ ಮುಗಿಸಿ ಬರೋಣ ಎಂಬ ಯೋಚನೆಯೂ ಬೇಡ. ಒಂದು ಕಡೆಗೇ ನೂರು ಕಿಲೋಮೀಟರ್ ಹತ್ತಿರ, ಮಳೆ, ಕತ್ತಲೆ, ಮಂಜು.

ಒಂದು ರಾತ್ರಿ ಉಳಿಯುವ ಅವಕಾಶ ಇದ್ದರೆ ಮಾತ್ರ ನನ್ನ ಉತ್ತರವೇ ಬೇರೆ. ಆಗ ರೆಸ್ಟೋರೆಂಟ್ ಬಿಡಿ. ತೀರ್ಥಹಳ್ಳಿ, ಹೊಸನಗರ ಅಥವಾ ಸಾಗರದ ಕಡೆ ಒಂದು ಹೋಮ್‌ಸ್ಟೇಗೆ ಹೋಗಿ. ದೊಡ್ಡ ರೆಸಾರ್ಟ್ ಬೇಡ, ಮನೆಯವರೇ ಅಡುಗೆ ಮಾಡುವ, ಮೂರು ನಾಲ್ಕು ರೂಮಿನ ಜಾಗ ಸಾಕು. ಹೊರಗೆ ಅಡಿಕೆ ತೋಟದ ಮೇಲೆ ಮಳೆ ಹೊಯ್ಯುತ್ತಿರಬೇಕು, ಒಳಗೆ ಜಗಲಿಯಲ್ಲಿ ನೀವಿಬ್ಬರು. ಮಲೆನಾಡಿನ ಮಳೆಗಾಲದ ಊಟ ಹೋಟೆಲ್‌ಗಳ ಮೆನುವಿನಲ್ಲಿ ಅಪರೂಪ. ಕೆಸುವಿನ ಎಲೆಯ ಪತ್ರೊಡೆ, ಹಲಸಿನ ಹಣ್ಣಿನ ಕಡುಬು, ಅಪ್ಪೆಮಿಡಿ ಉಪ್ಪಿನಕಾಯಿ, ಕಳಲೆ ಪಲ್ಯ. ಮಾಂಸ ತಿನ್ನುವವರಾದರೆ ನಾಟಿ ಕೋಳಿ ಸಾರು, ಅಕ್ಕಿ ಕಡುಬು. ಆ ಕಡುಬನ್ನು ಬಿಸಿಯಿರುವಾಗಲೇ ಮುರಿದು ಸಾರಿನಲ್ಲಿ ಅದ್ದಿ ತಿನ್ನಬೇಕು.

ಇದಕ್ಕೆ ಒಂದು ಕೆಲಸ ಮಾಡಿ. ನಾಲ್ಕು ದಿನ ಮೊದಲೇ ಫೋನ್ ಮಾಡಿ ಏನು ಬೇಕು ಎಂದು ಹೇಳಿ. ಕಳಲೆ ಅಂದರೆ ಎಳೆ ಬಿದಿರು. ಹೆಚ್ಚಿ ಮೂರು ದಿನ ನೀರಿನಲ್ಲಿ ನೆನೆಸಬೇಕು, ದಿನಾ ನೀರು ಬದಲಿಸಬೇಕು. ಹಾಗೆ ಮಾಡದಿದ್ದರೆ ಕಹಿಯೂ ಹೋಗುವುದಿಲ್ಲ, ಅದರ ವಿಷವೂ ಹೋಗುವುದಿಲ್ಲ. ಅವತ್ತೇ ಸಂಜೆ ಹೋಗಿ ಕೇಳಿದರೆ ಯಾವ ಅಮ್ಮನೂ ಮಾಡಿಕೊಡಲಾರರು. ಪತ್ರೊಡೆಗೂ ಬೆಳಿಗ್ಗೆಯಿಂದಲೇ ತಯಾರಿ ಬೇಕು. ಹುಟ್ಟುಹಬ್ಬ ಎಂದು ಹೇಳಿದರೆ ಅವರು ಹೋಳಿಗೆಯನ್ನೋ ಪಾಯಸವನ್ನೋ ತಾವಾಗಿ ಮಾಡುತ್ತಾರೆ. ಕೇಕ್ ಬೇಕಿದ್ದರೆ ಶಿವಮೊಗ್ಗದಿಂದಲೇ ಒಯ್ಯಿರಿ. ಬೆಳಕಿರುವಾಗ ತಲುಪಿ. ತೋಟದಲ್ಲಿ ಓಡಾಡಿದರೆ ಇಂಬಳ, ಅಂದರೆ ರಕ್ತ ಹೀರುವ ಸಣ್ಣ ಜಿಗಣೆ, ಹತ್ತುತ್ತದೆ, ಬಯಲುಸೀಮೆಯವರಿಗೆ ಮೊದಲ ಸಲ ಗಾಬರಿಯಾಗಬಹುದು. ಸ್ವಲ್ಪ ಉಪ್ಪು ಮುಟ್ಟಿಸಿದರೆ ಬಿದ್ದುಹೋಗುತ್ತದೆ, ನಿಮ್ಮ ಹೆಂಡತಿಗೆ ಮೊದಲೇ ಹೇಳಿಡಿ.

ನಿಮ್ಮ ಪ್ರಶ್ನೆಯಲ್ಲಿ ಒಂದು ಸಾಲು ನನ್ನನ್ನು ಹಿಡಿದು ನಿಲ್ಲಿಸಿತು. ‘ಅವಳಿಗೆ ಈ ಊರು ಇನ್ನೂ ಒಗ್ಗಿಲ್ಲ’ ಎಂದು ಬರೆದಿದ್ದೀರಿ. ಹಾಗಿದ್ದರೆ ಸುಮ್ನೆ ಒಂದು ಸಲ ಕೇಳಿ ನೋಡಿ, ಅವರಿಗೆ ನಿಜವಾಗಿ ಏನು ತಿನ್ನಬೇಕು ಅನ್ನಿಸುತ್ತಿದೆ ಎಂದು. ಸರ್‌ಪ್ರೈಸ್ ಹಾಳಾಗುತ್ತದೆ ಎಂದು ಯೋಚಿಸಬೇಡಿ. ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ ಎಂದರೂ ಎನ್ನಬಹುದು. ಶಿವಮೊಗ್ಗದಲ್ಲಿ ಖಾನಾವಳಿಗಳೂ ಇವೆ. ಮಧ್ಯಾಹ್ನದ ಊಟ ಅಲ್ಲಿ ಮಾಡಿ, ಸಂಜೆ ಹೊಳೆ, ರಾತ್ರಿ ಕಿಟಕಿ ಪಕ್ಕದ ಟೇಬಲ್. ಒಂದೇ ಊಟದಲ್ಲಿ ಎಲ್ಲ ಆಗಬೇಕು ಎಂದೇನಿಲ್ಲ.

ಕ್ಯಾಂಡಲ್ ಬಗ್ಗೆ ಕೇಳಿದ್ದೀರಿ. ಹೇಳಿದರೆ ಸುಮಾರಾಗಿ ಎಲ್ಲರೂ ಇಟ್ಟುಕೊಡುತ್ತಾರೆ, ಅದಕ್ಕೆ ಪ್ಯಾಕೇಜ್ ಬೇಕಿಲ್ಲ. ವಾಸನೆ ಇಲ್ಲದ ಬಿಳಿ ಕ್ಯಾಂಡಲ್ ಎರಡು ನೀವೇ ಕೊಟ್ಟುಬಿಡಿ. ಘಾಟು ಸುವಾಸನೆಯದಾದರೆ ಊಟದ ರುಚಿ ಕೆಡುತ್ತದೆ. ಕೇಕ್ ಊಟವಾದ ಮೇಲೆ ತರಲು ಹೇಳಿ. ಹಾಡು ಬೇಕಾ ಬೇಡವಾ ಎಂದು ಮೊದಲೇ ಸ್ಪಷ್ಟವಾಗಿ ತಿಳಿಸಿ. ಕೆಲವರಿಗೆ ಅದು ತುಂಬಾ ಇಷ್ಟ, ಇಲ್ಲ ಎನ್ನುವುದಿಲ್ಲ. ನಿಮ್ಮವರಿಗೆ ಹೇಗೆ ಎಂದು ನಿಮಗೆ ಗೊತ್ತಿರುತ್ತದೆ. ಹೂವಿನ ಬೊಕೆಗೆ ಜಾಸ್ತಿ ದುಡ್ಡು ಕೊಡುವ ಬದಲು ಗಾಂಧಿ ಬಜಾರ್‌ನಲ್ಲಿ ಜಾಜಿ ಹೂವು ಸಿಕ್ಕರೆ ಎರಡು ಮೊಳ ತೆಗೆದುಕೊಳ್ಳಿ. ಮಳೆಗಾಲ ಅದರ ಕಾಲ. ಮುಡಿದುಕೊಂಡರೆ ಊಟ ಮುಗಿದು ಮನೆಗೆ ಬರುವವರೆಗೂ ಪರಿಮಳ ಜೊತೆಗಿರುತ್ತದೆ.

ಫೋನ್ ಸೈಲೆಂಟ್ ಮಾಡಿ ಜೇಬಿನಲ್ಲಿಡಿ. ಫೋಟೋ ಬೇಕಿದ್ದರೆ ಕೂತ ಕೂಡಲೇ ಎರಡು ತೆಗೆದುಬಿಡಿ.

ಅವತ್ತು ಹೊಳೆ ತುಂಬಿದ್ದರೆ, ಮಂಟಪ ಮುಳುಗಿತ್ತಾ ಎಂದು ಇಲ್ಲಿ ಒಂದು ಸಾಲು ಬರೆಯಿರಿ. ನನ್ನ ಹೆಂಡತಿಗೆ ಓದಿ ಹೇಳುತ್ತೇನೆ.