ಅರಸನ ಮದುವೆಯ ಕಥೆಯಲ್ಲಿ ಪ್ರಜೆಗಳು ಎಲ್ಲಿ?

ಮಾನ್ಯರೇ,

‘ಇಂಗ್ಲೆಂಡಿನ ಜನ ಪ್ರಾಟೆಸ್ಟೆಂಟರಾದ ಬಗೆ’ ಎಂಬ ನಿಮ್ಮ ಲೇಖನವನ್ನು ಗಮನವಿಟ್ಟು ಓದಿದ್ದೇನೆ. ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲು ಆಗುವುದಿಲ್ಲ. ನಿಮ್ಮ ಗದ್ಯಕ್ಕೆ ಓಟವಿದೆ, ಓದುಗರನ್ನು ಹಿಡಿದು ಕೂರಿಸುವ ಶಕ್ತಿಯೂ ಇದೆ. ಆದರೆ ಶೀರ್ಷಿಕೆಯಲ್ಲಿರುವ ಜನ ಲೇಖನದೊಳಗೆ ಎಲ್ಲಿಯೂ ಕಾಣುವುದಿಲ್ಲ. ಮುಕ್ಕಾಲು ಪಾಲು ಪುಟಗಳನ್ನು ಎಂಟನೇ ಹೆನ್ರಿ ಮತ್ತು ಆನ್ ಬೊಲಿನ್‌ರ ಪ್ರಣಯಕ್ಕೆ ಕೊಟ್ಟು, ಅರಸನ ಮೊದಲ ಮದುವೆಯನ್ನು ರದ್ದುಮಾಡಲು ಪೋಪ್ ಒಪ್ಪಲಿಲ್ಲ, ಅರಸನಿಗೆ ಸಿಟ್ಟು ಬಂತು, 1534ರಲ್ಲಿ ದೇಶವೇ ಮತ ಬದಲಿಸಿತು ಎಂದು ಒಂದೇ ಉಸಿರಿನಲ್ಲಿ ಮುಗಿಸಿದ್ದೀರಿ. ಅವರಿಬ್ಬರ ನಡುವೆ ನೀವೇ ಕಲ್ಪಿಸಿ ಬರೆದ ಸಂಭಾಷಣೆಯನ್ನಂತೂ ಪೂರ್ತಿ ತೆಗೆದುಹಾಕಿ. ಕಾದಂಬರಿಗೆ ಅದು ಸಲ್ಲುತ್ತದೆ, ಚರಿತ್ರೆಯ ಲೇಖನಕ್ಕೆ ಸಲ್ಲದು.

1534ರ ಶಾಸನದಿಂದ ಇಂಗ್ಲೆಂಡಿನ ಚರ್ಚಿಗೆ ಪೋಪ್‌ನ ಬದಲು ಅರಸ ಒಡೆಯನಾದದ್ದು ನಿಜ. ಒಡೆಯ ಬದಲಾದ ಮಾತ್ರಕ್ಕೆ ನಂಬಿಕೆ ಬದಲಾಗಲಿಲ್ಲ. ಪ್ರಾಟೆಸ್ಟೆಂಟ್ ಸುಧಾರಣೆಗೆ ನಾಂದಿ ಹಾಡಿದ ಜರ್ಮನಿಯ ಲೂಥರ್‌ನ ವಿರುದ್ಧ ಪುಸ್ತಕ ಬರೆದು, 1521ರಲ್ಲಿ ಪೋಪ್‌ನಿಂದಲೇ ‘ಧರ್ಮರಕ್ಷಕ’ ಎಂಬ ಬಿರುದು ಪಡೆದವನು ಇದೇ ಹೆನ್ರಿ. ಬಲಿಪೂಜೆಯಲ್ಲಿ ರೊಟ್ಟಿ ಮತ್ತು ದ್ರಾಕ್ಷಾರಸ ನಿಜವಾಗಿಯೂ ಕ್ರಿಸ್ತನ ದೇಹ ಮತ್ತು ರಕ್ತವಾಗುತ್ತವೆ, ಪಾದ್ರಿಗಳು ಮದುವೆಯಾಗಕೂಡದು ಎಂಬ ಹಳೆಯ ನಿಯಮಗಳನ್ನು 1539ರಲ್ಲಿ ಅವನೇ ಕಾನೂನಾಗಿ ಮತ್ತೆ ಬಿಗಿಗೊಳಿಸಿದ. 1540ರ ಜುಲೈ 30ರಂದು ಲಂಡನ್ನಿನ ಸ್ಮಿತ್‌ಫೀಲ್ಡ್‌ನಲ್ಲಿ ಲೂಥರ್‌ನ ಹಾದಿ ಹಿಡಿದ ಮೂವರು ಬೋಧಕರನ್ನು ಪಾಷಂಡಿಗಳೆಂದು ಸುಟ್ಟರು. ಅದೇ ದಿನ, ಅದೇ ಜಾಗದಲ್ಲಿ, ಪೋಪ್‌ನ ಪರ ನಿಂತ ಮೂವರನ್ನು ರಾಜದ್ರೋಹಿಗಳೆಂದು ಗಲ್ಲಿಗೇರಿಸಿದರು. ಆ ಒಂದು ದಿನವನ್ನು ನೀವು ಸರಿಯಾಗಿ ಬರೆದಿದ್ದರೆ, ಹೆನ್ರಿಯ ಧರ್ಮ ಯಾವುದೆಂದು ವಿವರಿಸಲು ತೆಗೆದುಕೊಂಡಿರುವ ಪುಟಗಳೆಲ್ಲ ಉಳಿಯುತ್ತಿದ್ದವು.

ಮಠಗಳ ವಿಷಯದಲ್ಲಿಯೂ ನೀವು ಅವಸರಪಟ್ಟಿದ್ದೀರಿ. 1536ರಿಂದ 1540ರ ಒಳಗೆ ಸುಮಾರು 800 ಮಠಗಳನ್ನು ಮುಚ್ಚಿದ್ದನ್ನು ಅರಸನ ದುರಾಸೆ ಎಂದಷ್ಟೇ ಕರೆದು ಮುಂದೆ ಹೋಗಿದ್ದೀರಿ. ಆ ಭೂಮಿ ಯಾರ ಕೈ ಸೇರಿತು ಎಂಬುದೇ ಇಲ್ಲಿ ಮುಖ್ಯ. ಅದರಲ್ಲಿ ಬಹುಪಾಲನ್ನು ಕೊಂಡವರು ಆಯಾ ಸೀಮೆಯ ಜಮೀನುದಾರರು ಮತ್ತು ಆಸ್ಥಾನಿಕರು. ಮುಂದೆ ಕ್ಯಾಥೊಲಿಕ್ ರಾಣಿ ಮೇರಿ ದೇಶವನ್ನು ಮತ್ತೆ ರೋಮ್‌ನೊಂದಿಗೆ ಸೇರಿಸಿದಾಗಲೂ ಈ ಭೂಮಿಯನ್ನು ಹಿಂದಕ್ಕೆ ಕೇಳಲಾಗಲಿಲ್ಲ. ಕೊಂಡವರ ಬಳಿಯೇ ಇರಲಿ ಎಂದು ರೋಮ್ ಒಪ್ಪಿದ ಮೇಲೆಯೇ ಪಾರ್ಲಿಮೆಂಟು ಆ ಪುನರ್ಮಿಲನಕ್ಕೆ ಒಪ್ಪಿಗೆ ಕೊಟ್ಟಿತು. ಇನ್ನು ಜನ ಮಠಗಳನ್ನು ದ್ವೇಷಿಸುತ್ತಿದ್ದರು ಎಂಬ ನಿಮ್ಮ ಮಾತಿಗೆ 1536ರ ಉತ್ತರದ ದಂಗೆಯೇ ಎದುರುತ್ತರ. ವಕೀಲ ರಾಬರ್ಟ್ ಆಸ್ಕ್‌ನ ಹಿಂದೆ ಸಾವಿರಾರು ಮಂದಿ, ಕ್ರಿಸ್ತನ ಐದು ಗಾಯಗಳನ್ನು ಚಿತ್ರಿಸಿದ ಧ್ವಜ ಹಿಡಿದು ಹೊರಟದ್ದರ ಹಿಂದಿನ ಕಾರಣಗಳಲ್ಲಿ ಮಠಗಳ ಮುಚ್ಚುಗಡೆಯೂ ಒಂದು.

ನಿಮ್ಮ ಲೇಖನಕ್ಕೆ ಬೇಕಾಗಿರುವುದು ಒಂದು ಊರು, ಅದಕ್ಕೆ ಮೋರ್‌ಬಾತ್ ಸಾಕು. ಇಂಗ್ಲೆಂಡಿನ ನೈಋತ್ಯದ ಡೆವನ್ ಸೀಮೆಯ ಈ ಸಣ್ಣ ಹಳ್ಳಿಗೆ 1520ರಲ್ಲಿ ಬಂದ ಪಾದ್ರಿ ಕ್ರಿಸ್ಟೋಫರ್ ಟ್ರಿಕಿ, 1574ರಲ್ಲಿ ಸಾಯುವವರೆಗೂ ಅಲ್ಲೇ ಇದ್ದು, ಚರ್ಚಿನ ಜಮಾ-ಖರ್ಚನ್ನು ತಾನೇ ಬರೆದಿಟ್ಟ. ಆ ಲೆಕ್ಕದ ಪುಸ್ತಕ ಇಂದಿಗೂ ಉಳಿದಿದೆ. ಮೊದಲ ವರ್ಷಗಳ ಲೆಕ್ಕದಲ್ಲಿ ಸಂತರಿಗೆ ಮುಡಿಪಾದ ಕುರಿಗಳಿವೆ. ಅವುಗಳನ್ನು ಊರವರೇ ತಮ್ಮ ಮಂದೆಯ ಜೊತೆ ಮೇಯಿಸುತ್ತಿದ್ದರು. ಉಣ್ಣೆ ಮಾರಿದ ಹಣದಿಂದ ಪ್ರತಿಮೆಗಳ ಮುಂದೆ ದೀಪ ಉರಿಯುತ್ತಿತ್ತು. ಮದುವೆಯಾಗದ ಹುಡುಗಿಯರದೇ ಒಂದು ನಿಧಿ, ಹುಡುಗರದೇ ಇನ್ನೊಂದು. 1538ರ ರಾಜಾಜ್ಞೆ ಪ್ರತಿಮೆಗಳ ಮುಂದೆ ದೀಪ ಹಚ್ಚುವುದನ್ನು ನಿಲ್ಲಿಸಿತು. ದೀಪ ಹೋದ ಮೇಲೆ ಕುರಿಗಳಿಗೆ ಕೆಲಸವಿಲ್ಲ, ನಿಧಿಗಳಿಗೆ ಅರ್ಥವಿಲ್ಲ, ಅವುಗಳ ಲೆಕ್ಕ ಒಪ್ಪಿಸುತ್ತಿದ್ದ ಹುಡುಗ ಹುಡುಗಿಯರಿಗೆ ಚರ್ಚಿನಲ್ಲಿದ್ದ ಸ್ಥಾನವೂ ಇಲ್ಲ. ಮತ ಬದಲಾಗುವುದೆಂದರೆ ಹಳ್ಳಿಯ ಮಟ್ಟದಲ್ಲಿ ಏನು ಎಂಬುದನ್ನು ಇಲ್ಲಿಂದ ತೋರಿಸಲು ಆರಂಭಿಸಿ.

ಇದೇ ಟ್ರಿಕಿ ಸತ್ತವರಿಗಾಗಿ ಮಾಡುವ ಪೂಜೆಗೆ ಕಪ್ಪು ನಿಲುವಂಗಿಗಳನ್ನು ಕೊಳ್ಳಲು ವರ್ಷಗಟ್ಟಲೆ ಪುಡಿಗಾಸು ಕೂಡಿಸಿದ್ದ. ಅವು ಕೈಗೆ ಬರುವ ಹೊತ್ತಿಗೆ, 1547ರಲ್ಲಿ, ಹೆನ್ರಿಯ ಮಗ, ಒಂಬತ್ತು ವರ್ಷದ ಆರನೇ ಎಡ್ವರ್ಡ್ ಪಟ್ಟಕ್ಕೆ ಬಂದಿದ್ದ. ನಿಜವಾದ ಪ್ರಾಟೆಸ್ಟೆಂಟ್ ಆಳ್ವಿಕೆ ಆರಂಭವಾದದ್ದು ಆಗ. ನೀವೋ ಅವನಿಗೆ ಒಂದೇ ಸಾಲು ಕೊಟ್ಟಿದ್ದೀರಿ. ಸತ್ತವರಿಗಾಗಿ ನಡೆಯುತ್ತಿದ್ದ ಪೂಜೆಯ ದತ್ತಿಗಳು ರದ್ದಾದವು, ಪ್ರತಿಮೆಗಳು ಕೆಳಗಿಳಿದವು, ಕಲ್ಲಿನ ಬಲಿಪೀಠಗಳ ಬದಲು ಮರದ ಮೇಜುಗಳು ಬಂದವು. 1549ರಲ್ಲಿ ಲ್ಯಾಟಿನ್ ಪೂಜೆ ನಿಂತು ಇಂಗ್ಲಿಷ್ ಪ್ರಾರ್ಥನಾ ಪುಸ್ತಕ ಕಡ್ಡಾಯವಾದಾಗ ಡೆವನ್ ಮತ್ತು ಕಾರ್ನ್‌ವಾಲ್ ದಂಗೆ ಎದ್ದವು. ತಮ್ಮಲ್ಲಿ ಕೆಲವರಿಗೆ ಇಂಗ್ಲಿಷೇ ಅರ್ಥವಾಗುವುದಿಲ್ಲ ಎಂಬುದು ಕಾರ್ನ್‌ವಾಲಿನವರ ದೂರುಗಳಲ್ಲಿ ಒಂದು. ಮೋರ್‌ಬಾತ್ ತನ್ನ ಐವರು ಯುವಕರನ್ನು ಊರ ಖರ್ಚಿನಲ್ಲಿ ಬಂಡಾಯಗಾರರ ಪಾಳೆಯಕ್ಕೆ ಕಳುಹಿಸಿತು. ಸೈನ್ಯ ಸಾವಿರಾರು ಜನರನ್ನು ಕೊಂದು ದಂಗೆಯನ್ನು ಅಡಗಿಸಿತು.

1553ರಲ್ಲಿ ಮೇರಿ ರಾಣಿಯಾದಾಗ, ಎಡ್ವರ್ಡನ ಕಾಲದಲ್ಲಿ ಅಡಗಿಸಿಟ್ಟಿದ್ದ ಪೂಜೆಯ ಸಾಮಾನುಗಳು ಮೋರ್‌ಬಾತಿನ ಮನೆಮನೆಗಳಿಂದ ಚರ್ಚಿಗೆ ಮರಳಿದವು. ಆದ್ದರಿಂದ ಮೇರಿಯ ಆಳ್ವಿಕೆಯನ್ನು ಬರೀ ಚಿತೆಗಳ ಕಾಲವಾಗಿ ಚಿತ್ರಿಸಬೇಡಿ. ಹಾಗೆಂದು ಚಿತೆಗಳನ್ನು ಮರೆಸಲೂಬೇಡಿ: ಸುಮಾರು 280 ಪ್ರಾಟೆಸ್ಟೆಂಟರನ್ನು ಸುಟ್ಟು ಕೊಂದರು, ಅವರಲ್ಲಿ ಐವತ್ತಕ್ಕೂ ಹೆಚ್ಚು ಹೆಂಗಸರು. ಆರ್ಚ್‌ಬಿಷಪ್ ಕ್ರಾನ್ಮರ್‌ನಂತಹ ದೊಡ್ಡವರ ಜೊತೆ ನೇಕಾರರೂ ಕೂಲಿಗಳೂ ಇದ್ದರು. ಲಂಡನ್, ಕೆಂಟ್, ಎಸೆಕ್ಸ್‌ಗಳಲ್ಲಿ, ಟಿಂಡೇಲ್ ಇಂಗ್ಲಿಷಿಗೆ ಅನುವಾದಿಸಿದ ಹೊಸ ಒಡಂಬಡಿಕೆಯ ಕಳ್ಳಸಾಗಣೆಯ ಪ್ರತಿಗಳನ್ನು ಓದಿ, ಓದಿಸಿಕೊಂಡು, ಮನಸಾರೆ ಹೊಸ ನಂಬಿಕೆಗೆ ಬಂದವರಿದ್ದರು. ಮೇಲಿನವರ ಆಜ್ಞೆಯಿಂದಷ್ಟೇ ಎಲ್ಲ ನಡೆಯಿತು ಎಂದು ಬರೆದರೆ ಇವರಿಗೆ ಅನ್ಯಾಯವಾಗುತ್ತದೆ.

ಬಹುಜನ ಬದಲಾದದ್ದು ಮಾತ್ರ ಮೇರಿಯ ನಂತರ ರಾಣಿಯಾದ ಎಲಿಜಬೆತ್‌ಳ ದೀರ್ಘ ಆಳ್ವಿಕೆಯಲ್ಲಿ, ಅದೂ ನಿಧಾನವಾಗಿ. 1559ರ ಕಾನೂನಿನಂತೆ ಭಾನುವಾರ ಚರ್ಚಿಗೆ ಬರದವರಿಗೆ 12 ಪೆನ್ಸ್ ದಂಡ. 1570ರಲ್ಲಿ ಪೋಪ್ ಅವಳನ್ನು ಬಹಿಷ್ಕರಿಸಿ, ಪ್ರಜೆಗಳು ಅವಳಿಗೆ ವಿಧೇಯರಾಗಬೇಕಿಲ್ಲ ಎಂದು ಸಾರಿದ ಮೇಲೆ ಕ್ಯಾಥೊಲಿಕ್ ಆಗಿರುವುದೇ ದ್ರೋಹದ ಗುಮಾನಿಗೆ ಗುರಿಯಾಯಿತು. 1581ರ ಹೊತ್ತಿಗೆ ದಂಡ ತಿಂಗಳಿಗೆ 20 ಪೌಂಡಿಗೆ ಏರಿತು. ಆದರೆ ದಂಡಕ್ಕಿಂತ ಹೆಚ್ಚು ಕೆಲಸ ಮಾಡಿದ್ದು ಕಾಲ. ಲ್ಯಾಟಿನ್ ಪೂಜೆ ಕಂಡಿದ್ದ ಪಾದ್ರಿಗಳು ಒಬ್ಬೊಬ್ಬರಾಗಿ ಸತ್ತರು. 1580ರ ದಶಕದಲ್ಲಿ ಮಕ್ಕಳನ್ನು ಹೆತ್ತವರು ತಾವೇ ಇಂಗ್ಲಿಷ್ ಪ್ರಾರ್ಥನೆ ಕೇಳಿ ಬೆಳೆದವರು. ನಾಲ್ವರು ದೊರೆಗಳ ಆಳ್ವಿಕೆಯಲ್ಲಿ ಹೇಳಿದಂತೆ ಪೂಜೆ ನಡೆಸಿ ಹುದ್ದೆ ಉಳಿಸಿಕೊಂಡ ಟ್ರಿಕಿಯನ್ನು ಅವಕಾಶವಾದಿ ಎಂದು ಬೈಯುವ ಆಸೆ ನಿಮಗೆ ಹುಟ್ಟಬಹುದು. ದಯವಿಟ್ಟು ಬೈಯಬೇಡಿ. ಊರನ್ನು ಬಿಡಲಾರದೆ ಬಗ್ಗಿದವನ ಪಾಡು ಏನೆಂದು ಓದುಗರೇ ತೂಗಿ ನೋಡಲಿ.

ಎಲ್ಲರೂ ಬಗ್ಗಲಿಲ್ಲ ಎಂಬುದಕ್ಕೂ ಜಾಗ ಮಾಡಿ. ಯಾರ್ಕ್‌ನ ಮಾರ್ಗರೆಟ್ ಕ್ಲಿಥರೋ ಎಂಬ ಮಾಂಸದ ವ್ಯಾಪಾರಿಯ ಹೆಂಡತಿ, ಕ್ಯಾಥೊಲಿಕ್ ಪಾದ್ರಿಗಳಿಗೆ ಮನೆಯಲ್ಲಿ ಆಸರೆ ಕೊಟ್ಟ ಆರೋಪಕ್ಕೆ ನ್ಯಾಯಾಲಯದಲ್ಲಿ ಉತ್ತರಿಸಲು ನಿರಾಕರಿಸಿದಾಗ, 1586ರಲ್ಲಿ ಅವಳ ಮೇಲೆ ಭಾರ ಹೇರಿ ಕೊಂದರು. ನಿಮ್ಮ ಕೊನೆಯ ಪುಟದಲ್ಲಿ 1588ರ ಸ್ಪೇನ್ ನೌಕಾಪಡೆಯ ಸೋಲನ್ನು ಇಡೀ ದೇಶ ಒಂದಾಗಿ ಸಂಭ್ರಮಿಸಿತು ಎಂದು ಬರೆದಿದ್ದೀರಲ್ಲ, ಅದಕ್ಕೆ ಮೊದಲು ಈಕೆಯ ಹೆಸರು ಬರಬೇಕು. ಅದರ ನಂತರದ ಧಾರ್ಮಿಕ ಸಹಿಷ್ಣುತೆಯ ಉಪದೇಶ ಬೇಡ. ಹೆನ್ರಿಯ ಭಾಗವನ್ನು ಒಂದು ಪುಟಕ್ಕೆ ಇಳಿಸಿ, ಎಡ್ವರ್ಡ್ ಮತ್ತು ಎಲಿಜಬೆತ್‌ರ ಕಾಲವನ್ನು ಹಿಗ್ಗಿಸಿ, ಮೋರ್‌ಬಾತನ್ನು ಮೊದಲಿಗೆ ತಂದು ಮತ್ತೆ ಕಳುಹಿಸಿದರೆ ಖಂಡಿತ ಓದುತ್ತೇನೆ.

ಇತಿ,
ಸಂಪಾದಕ